ಮದ್ದು ತುಂಬದ ತೋಟಾ

ಸುಡಬಾರದೆಂದು ಕಾನೂನಿದ್ದರೂ ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ ನಾಲ್ಕರಂದು, ನಮ್ಮ ಸನ್ನಿವೇಲ್ ಬೀದಿಯಲ್ಲಿ ಪಟಾಕಿ ಸುಟ್ಟರು. ಕಿಟಕಿಯಿಂದ ಮದ್ದಿನ ಹೊಗೆ ಒಳಗೆ ಬಂತು. ಆ ವಾಸನೆ ಮೂಗಿಗೆ ಬಡಿದೊಡನೆ ಎದ್ದು ಹೋಗಿ, ಹೊಲಿಗೆ ಡಬ್ಬಿಯ ತಳದಿಂದ ಹಿತ್ತಾಳೆಯ ತೋಟಾ ತೆಗೆದೆ. ಕಿರುಬೆರಳಿಗಿಂತ ಸಣ್ಣದು, ಮೂತಿಗೆ ಸೀಸದ ಗುಂಡು. ನಾನು ಕಲಿತದ್ದು ಮೂರನೆಯ ಇಯತ್ತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಆದರೂ ಬರೆಯುತ್ತೇನೆ. ಆ ಮನುಷ್ಯನ ಬಗ್ಗೆ ಇನ್ನು ಯಾರು ಬರೆಯುತ್ತಾರೆ?

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಆಚೆ ಬದಿಗೆ ಕೊಡಗಿನ ಸುಬೇದಾರರು ಇದ್ದರು. ಸೈನ್ಯದಿಂದ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಹತ್ತಿರ ಬಂದವರು. ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಅವಳ ದವಡೆ ಮುರಿದಿದ್ದ. ಹಲ್ಲುಗಳಿಗೆ ತಂತಿ ಬಿಗಿಸಿಕೊಂಡು ಅವಳು ಕೊಳವೆಯಲ್ಲಿ ಗಂಜಿ ಹೀರುತ್ತಿದ್ದಳು. ಗಂಜಿ ಕಾಸುತ್ತಿದ್ದವಳು ನಾನು. ಅವಳು ಅವನನ್ನು ಬಿಟ್ಟ ಮೇಲೂ ಅವನು ಬಂದು ಬಾಗಿಲು ಒದೆಯುತ್ತಿದ್ದ. ಪೊಲೀಸರು ಬರುತ್ತಿದ್ದರು, ಏನೋ ಬರೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. "ಇನ್ನೊಂದ್ಸಲ ಬಂದ್ರೆ ನಿನ್ನ ಹೆಣ ಬೀಳಿಸೇ ಹೋಗೋದು" ಎಂದು ಅವನು ಕೂಗಿದ್ದು ಗೋಡೆಯ ಈಚೆಗೂ ಕೇಳಿಸಿತ್ತು.

ಅದಕ್ಕೇ ಸುಬೇದಾರರು ರಿವಾಲ್ವರ್ ಕೊಂಡರು. ಯುದ್ಧದಲ್ಲಿ ಮಣಿಕಟ್ಟಿಗೆ ಪೆಟ್ಟು ತಿಂದವರು, ದೊಡ್ಡದು ಹಾರಿದಾಗ ಕೈಗೆ ಬೀಳುವ ಒದೆತ ತಾಳುತ್ತಿರಲಿಲ್ಲ. ಆಗ ತಾನೇ ಪೇಟೆಗೆ ಬಂದಿದ್ದ ಮ್ಯಾಗ್ನಮ್ ಎಂಬ ಸಣ್ಣ ನಳಿಗೆಯ ರಿವಾಲ್ವರ್ ತಂದರು. ಆದರೆ ಅಂಗಡಿಯ ತೋಟಾದ ಗುಂಡು ಹಗುರ. ದಪ್ಪ ಜಾಕೀಟು ತೊಟ್ಟು ನುಗ್ಗುವವನನ್ನು ಅದು ನಿಲ್ಲಿಸುತ್ತದೆಂಬ ನಂಬಿಕೆ ಅವರಿಗೆ ಇರಲಿಲ್ಲ. ಭಾರದ ಗುಂಡು ಕೂರಿಸಿ ತಾವೇ ತೋಟಾ ಕಟ್ಟಬೇಕೆಂದು ಗ್ಯಾರೇಜಿನ ಮೇಜಿಗೆ ಯಂತ್ರ ಬಿಗಿದರು. ಅಂಗಡಿಯ ತೋಟಾಗಳನ್ನೆಲ್ಲ ಗುರಿ ಹೊಡೆಯುವ ರೇಂಜಿನಲ್ಲಿ ಹಾರಿಸಿ, ಬರಿದಾದ ಹಿತ್ತಾಳೆಯ ಚಿಪ್ಪುಗಳನ್ನು ಮತ್ತೆ ತುಂಬಲು ಆರಿಸಿ ತಂದರು.

ತೊಡಕಾದದ್ದು ಮದ್ದಿನ ಅಳತೆಯಲ್ಲಿ. ತೋಟಾ ಹೊಸ ಬಗೆಯದು. ಹಗುರ ಗುಂಡಿಗೆ ಎಷ್ಟು ಮದ್ದು ಎಂದು ಪುಸ್ತಕದಲ್ಲಿತ್ತು. ಭಾರದ್ದಕ್ಕೆ ಬರುವಷ್ಟರಲ್ಲಿ ಪುಟವೇ ಮುಗಿದಿತ್ತು. ಮಗಳ ಕಾರಿನಲ್ಲಿ ಕೂತು ಸ್ಯಾನ್ ಹೋಸೆಯ ಕೋವಿ ಅಂಗಡಿಗಳನ್ನು ಅಲೆದರು. ಲಿವರ್‌ಮೋರ್ ಕಡೆಯ ಒಬ್ಬ ಬೇಟೆಗಾರನನ್ನು ಹುಡುಕಿಕೊಂಡು ಹೋದರು. ಮದ್ದಿನ ಕಂಪನಿಗೇ ಫೋನು ಮಾಡಿದರು. ಪರೀಕ್ಷೆ ಮಾಡಿಲ್ಲ, ಹೇಳಲಾರೆವು ಎಂದರಂತೆ.

ನನಗೆ ಸಿಟ್ಟು ಬಂತು. "ಏನ್ರೀ ಸುಬೇದಾರ್ರ, ಅವ ಬಾಗಲಾ ಮುರದು ಒಳಗ ಬರೂತನಾ ಪುಸ್ತಕಾನ ಹುಡುಕ್ತೀರೇನು? ನಾ ಸಾರಿಗೆ ಯಾವ ಪುಸ್ತಕಾ ನೋಡ್ತೀನಿ? ಒಂದು ಚಿಟಿಕಿ ಹೆಚ್ಚು, ಒಂದು ಚಿಟಿಕಿ ಕಡಿಮಿ. ಹಾಕಿ ಮುಗಸ್ರಿ."

ಕನ್ನಡಕದ ಮೇಲಿನಿಂದ ನೋಡಿದರು. "ಸಾರು ಹೆಚ್ಚುಕಮ್ಮಿ ಆದ್ರೆ ನಿಮ್ಮ ಯಜಮಾನ್ರು ಮುಖ ಸಿಂಡರಿಸ್ತಾರೆ, ಅಷ್ಟೇ ಅಲ್ವಾ ಅಕ್ಕ? ಇದು ಹೆಚ್ಚಾದ್ರೆ ನನ್ನ ಬೆರಳು ನಿಮ್ಮ ಅಂಗಳದಲ್ಲಿ ಬಿದ್ದಿರ್ತವೆ. ಭಾರದ ಗುಂಡು ಉದ್ದ, ಒಳಗಿನ ಜಾಗ ತಿನ್ತದೆ. ಕುಕ್ಕರಿಗೆ ಬಾಯಿಮಟ್ಟ ಬೇಳೆ ತುಂಬಿ ಉರಿ ಜೋರು ಮಾಡ್ತೀರಾ ನೀವು?"

"ಹಂಗಾದ್ರ ಅಂಗಡ್ಯಾಗಿಂದಽ ಒಂದು ಡಬ್ಬಿ ತರ್ರಿ."

"ಹಬ್ಬ ಕಳೀಲಿ ಅಕ್ಕ, ತರ್ತೇನೆ."

ಹಬ್ಬವೆಂದರೆ ಕೈಲ್ ಮುಹೂರ್ತ. ಕೊಡಗಿನವರು ಸೆಪ್ಟೆಂಬರಿನಲ್ಲಿ ಮನೆಯ ಕೋವಿ, ಕತ್ತಿಗಳನ್ನು ಒರೆಸಿ ದೇವರ ಮುಂದೆ ಇಟ್ಟು ಹೂವು ಮುಡಿಸುತ್ತಾರೆ. ಪೂಜೆ ಮುಗಿಯುವವರೆಗೆ ಮುಟ್ಟುವುದಿಲ್ಲ. ಸುಬೇದಾರರು ಊರಿನಿಂದ ತಂದ ಅಗಲ ಅಲಗಿನ ಒಡಿಕತ್ತಿಯ ಪಕ್ಕ ರಿವಾಲ್ವರನ್ನೂ ಇಟ್ಟಿದ್ದರು. ಅದರೊಳಗೆ ಗುಂಡಿನ ಮೂತಿ ಕಂಡು ನಾನು ಬೈದೆ, ದೇವರ ಮುಂದ ತುಂಬಿದ್ದು ಇಡ್ತಾರೇನ್ರೀ ಎಂದು.

"ಉದ್ದ ಸರಿಹೋಗ್ತದಾ ಅಂತ ನೋಡೋಕೆ ನಿನ್ನೆ ಹಾಕಿದ್ದು. ಮದ್ದೂ ಇಲ್ಲ, ಕಿಡಿ ಹೊತ್ತಿಸೋ ಕೇಪೂ ಇಲ್ಲ. ಹಬ್ಬದ ದಿನ ಪಾಪ ಅದರ ಹೊಟ್ಟೆ ಯಾಕೆ ಖಾಲಿ ಇರ್ಬೇಕು?" ಎಂದು ನಕ್ಕರು.

ಅವರ ಹಂದಿ ಸಾರನ್ನು ನಾನು ಮುಟ್ಟುವವಳಲ್ಲ. ಅಕ್ಕಿ ಕಡುಬು ತಿನ್ನಲು ದೇವರ ಮೂಲೆಗೆ ಹತ್ತಿಕೊಂಡ ಅಡುಗೆಮನೆಯಲ್ಲಿ ಕೂತೆ.

ಅಳಿಯನೂ ಕೊಡಗಿನವನೇ. ಆ ದಿನ ಮಾವನ ಕೋವಿ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು. ಮಧ್ಯಾಹ್ನ ಹಣ್ಣು ಹಿಡಿದು ಬಂದು, "ಹಬ್ಬ ಅಲ್ವಾ ಮಾವ, ಕಾಲು ಹಿಡಿದು ಹೋಗ್ತೇನೆ" ಎಂದ. ಹಬ್ಬದ ದಿನ ಕಾಲು ಹಿಡಿಯಲು ಬಂದವನನ್ನು ಅಟ್ಟುವುದು ಹೇಗೆಂದು ಸುಬೇದಾರರು ಚಿಲಕ ತೆಗೆದರು. ತೆಗೆಯಬಾರದಿತ್ತು.

ಬಗ್ಗಿ ಕಾಲು ಮುಟ್ಟಿದ. ಎದ್ದವನೇ ದೇವರ ಮುಂದಿನ ರಿವಾಲ್ವರ್ ಕಿತ್ತುಕೊಂಡ. ಹೂವು ನೆಲಕ್ಕೆ ಬಿತ್ತು. ಅಲ್ಲೇ ನಿಂತಿದ್ದ ಹೆಂಡತಿಯ ಜಡೆ ಹಿಡಿದು ತಲೆಯನ್ನು ಗೋಡೆಗೆ ಚಚ್ಚಿ, ನಳಿಗೆಯನ್ನು ಅವಳ ಬಾಯಿಗೆ ತುರುಕಿದ. ತಾನೇ ಮುರಿದಿದ್ದ ಬಾಯಿ ಅದು. ಟ್ರಿಗರ್ ಒತ್ತಿದ. ಟಕ್ ಎಂದಿತು. ಮತ್ತೆ ಒತ್ತಿದ. ಟಕ್... ಬೈಯುತ್ತ ರಿವಾಲ್ವರಿನ ಹಿಡಿಯಿಂದಲೇ ಅವಳ ಹಲ್ಲಿಗೆ ಗುದ್ದಿದ. ಅಷ್ಟರಲ್ಲಿ ಒಡಿಕತ್ತಿ ಸುಬೇದಾರರ ಕೈಗೆ ಬಂದಿತ್ತು. ಒಂದೇ ಏಟಿಗೆ ಅಳಿಯನ ಕೈ ಮಣಿಕಟ್ಟಿನಲ್ಲಿ ಜೋತುಬಿತ್ತು. ರಕ್ತ ಕಡುಬಿನ ತಟ್ಟೆಯವರೆಗೆ ಚಿಮ್ಮಿತು. ಆದರೂ ಮುದುಕನ ಕುತ್ತಿಗೆಗೆ ಇನ್ನೊಂದು ಕೈ ಹಾಕಲು ಹೋದ. ನಾನು ಒಲೆಯ ಮೇಲಿನ ಕಬ್ಬಿಣದ ಹಂಚು ಎತ್ತಿ ಅವನ ಮೊಣಕಾಲಿಗೆ ಬಾರಿಸಿದೆ. ಎಲುಬು ಮುರಿದ ಸಪ್ಪಳ ನೆನಪಿದೆ. ಅದಕ್ಕೆ ಬೇಜಾರೇನೂ ಇಲ್ಲ.

ಮಗಳು ಬಾಯಿಂದ ರಕ್ತ ಉಗುಳಿ ಕೇಳಿದಳು, "ಅಪ್ಪ, ಗುಂಡು ಯಾಕೆ ಹಾರಲಿಲ್ಲ?"

"ಅಳತೆ ಸಿಗಲಿಲ್ಲ ಮಗಳೇ" ಎಂದರು. ಕತ್ತಿ ಹಿಡಿದೇ ನೆಲದ ಮೇಲೆ ಕೂತುಬಿಟ್ಟರು.

ಕೋರ್ಟು ಅವರನ್ನು ಬಿಟ್ಟಿತು, ಅಳಿಯನನ್ನು ಒಳಗೆ ಹಾಕಿತು. ಪೊಲೀಸರು ಒಯ್ದ ರಿವಾಲ್ವರನ್ನು ಅವರು ವಾಪಸು ಕೇಳಲಿಲ್ಲ. ಯಾವಾಗಲೋ ಹೊಸ ಪುಸ್ತಕ ಬಂತು. ಭಾರದ ಗುಂಡಿನ ಅಳತೆ ಅದರಲ್ಲಿತ್ತು. ಬೇಲಿಯ ಮೇಲಿಂದ ತೋರಿಸಿ, "ಈಗ ಬಂತು ನೋಡಿ ಅಕ್ಕ" ಎಂದರು. ಮುಂದಿನ ಚಳಿಗಾಲದಲ್ಲಿ ಎದೆನೋವು ಬಂದು ಹೋದರು.

ಅವರ ಊರಲ್ಲಿ ಸಾವಾದರೆ ಮನೆಯ ಮುಂದೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಇಲ್ಲಿ ಕೋವಿಯೂ ಇರಲಿಲ್ಲ, ಹಾರಿಸಲು ಬಿಡುವವರೂ ಇರಲಿಲ್ಲ. ಹೆಣದ ಗಾಡಿ ಬಂತು, ಬಾಗಿಲು ಮುಚ್ಚಿತು, ಹೋಯಿತು. ಗ್ಯಾರೇಜಿನ ಮೇಜಿನ ಮೇಲೆ ಉಳಿದಿದ್ದ ಈ ಒಂದು ತೋಟಾವನ್ನು ಮಗಳು ನನ್ನ ಕೈಗೆ ಹಾಕಿದಳು.

ಪಟಾಕಿಯ ಹೊಗೆ ಕರಗಿದೆ. ತೋಟಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ಹಬ್ಬದ ದಿನ ಇದರ ಜೊತೆಯವು ಸದ್ದು ಮಾಡದಿದ್ದಕ್ಕೆ ಒಂದು ಹೆಣ್ಣುಜೀವ ಉಳಿಯಿತು, ಒಪ್ಪಿದೆ. ಆದರೆ ಆ ಮನುಷ್ಯ ಹೋದ ದಿನ ಎರಡು ಸದ್ದು ಆಗಬೇಕಿತ್ತು... ಆಗಲಿಲ್ಲ.