ಡ್ರೈವರ್ ಹಿಂದಿನ ಸೀಟು

ನಾನು ಪಿಯುಸಿ ಓದುತ್ತಿದ್ದ ವರ್ಷದ ಡೈರಿಯಲ್ಲಿ ಪ್ರತಿ ಮಂಗಳವಾರದ ಎದುರು ‘ಅಮ್ಮ, ಶಿವಮೊಗ್ಗ ಆಸ್ಪತ್ರೆ’ ಎಂದಿದೆ. ಅಮ್ಮನ ಕ್ಯಾನ್ಸರ್ ಆಗಲೇ ಬೆನ್ನುಮೂಳೆಗೆ ಇಳಿದಿತ್ತು. ಮೊದಲ ಸಲ ಬಸ್ಸಿನಲ್ಲಿ ಹಿಂದೆ ಕೂತಾಗ, ಗುಂಡಿ ಬಂದಾಗಲೆಲ್ಲ ಬಾಯಿಗೆ ಸೆರಗು ಒತ್ತಿಕೊಂಡಳು. ಅದನ್ನು ನೋಡಿದ ಕಂಡಕ್ಟರ್ ಸಾಬರು ಮುಂದಿನ ವಾರದಿಂದ ಡ್ರೈವರ್ ಹಿಂದಿನ ಸೀಟಿಗೆ ತಮ್ಮ ಟವೆಲ್ ಹಾಸಿ ಅವಳಿಗಾಗಿ ಹಿಡಿದಿಡತೊಡಗಿದರು. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನಾವು ಹತ್ತಿದ ಮೇಲೇ ಆ ಟವೆಲ್ ಏಳುತ್ತಿತ್ತು.

ಅಮ್ಮ ತೀರಿಕೊಂಡಳು. ತಿಥಿ ಮುಗಿದ ಮೇಲಿನ ಮಂಗಳವಾರ, ಆಸ್ಪತ್ರೆಯಲ್ಲಿ ಉಳಿದಿದ್ದ ಕಾಗದಪತ್ರ ತರಲು ನಾನೊಬ್ಬನೇ ಹೊರಟೆ. ತಡವಾಗಿತ್ತು. ಆದರೂ ಬಸ್ಸು ನಿಂತೇ ಇತ್ತು. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

“ಟೈಮಾಯ್ತು ಬಿಡ್ರೀ! ನಿಮ್ಮತ್ತೆ ಬರ್ಬೇಕಾ?” ಎಂದು ಒಳಗೆ ನಿಂತಿದ್ದ ಹೆಂಗಸೊಬ್ಬಳು ರೇಗಿದಳು.

“ಅತ್ತೆ ಅಲ್ಲ ಮಾರಾಯ್ತಿ, ನಮ್ಮಕ್ಕ,” ಎಂದು ನಕ್ಕ ಕಂಡಕ್ಟರ್ ನನ್ನನ್ನು ಕಂಡು ನನ್ನ ಹಿಂದಿನ ರಸ್ತೆ ನೋಡಿದರು. “ಅಕ್ಕ ಎಲ್ಲಿ? ಹೋದ್ವಾರನೂ ಕಾದೆ. ನಿಧಾನ ಬರ್ಲಿ, ಬಸ್ ಎಲ್ಲೂ ಹೋಗಲ್ಲ.”

ನಾನು ಟೋಪಿ ತೆಗೆದು ಬೋಳಿಸಿದ ತಲೆ ತೋರಿಸಿದೆ.

ಅವರು ಟವೆಲ್ ಎತ್ತಿಕೊಂಡರು. ರೇಗಿದ್ದ ಹೆಂಗಸಿಗೆ ಸೀಟು ತೋರಿಸಿದರೆ ಅವಳು ಕೂರಲಿಲ್ಲ. “ನೀನೇ ಕೂತ್ಕೋ ಮಗ,” ಎಂದು ನನ್ನ ಭುಜ ಒತ್ತಿ ಕೂರಿಸಿದಳು.

ಊರು ದಾಟಿದ ಮೇಲೆ ದೊಡ್ಡ ಗುಂಡಿ ಬಂತು. ಡ್ರೈವರ್, ಅಮ್ಮ ಆ ಸೀಟಿನಲ್ಲಿದ್ದಾಗ ಮಾಡುತ್ತಿದ್ದಂತೆಯೇ, ಬ್ರೇಕ್ ಒತ್ತಿ, ಬಸ್ಸನ್ನು ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸಿದರು. ಅಲ್ಲಿಯವರೆಗೂ ತಡೆದಿದ್ದ ಅಳು ಆಗ ಬಂತು.