ಮೀನಿನ ಫ್ರೀಜರ್ ಮತ್ತು ದ್ವೀಪದ ಸಾಹೇಬ

೨೦೦೯ರ ಜನವರಿ. ನ್ಯೂಜೆರ್ಸಿಯ ಒಂದು ಸಣ್ಣ ಖಾಸಗಿ ಗ್ರಂಥಾಲಯದಲ್ಲಿ ನಾನು ಪೇಪರ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಕಾಗದಗಳಿಗೆ ಚಿಕಿತ್ಸೆ ಮಾಡುವ ಕೆಲಸ ಎನ್ನಿ. ಮೈಸೂರಿನ ನೆಂಟರಿಗೆ ಎಷ್ಟು ಸಲ ವಿವರಿಸಿದರೂ ನಾನು ಪುಸ್ತಕಗಳಿಗೆ ಅಂಟು ಹಚ್ಚುವವಳು ಎಂದೇ ಅವರ ತಿಳುವಳಿಕೆ. ಅದೂ ಪೂರ್ತಿ ಸುಳ್ಳಲ್ಲ.

ಹಿಂದಿನ ವರ್ಷದ ಕೊನೆಯಲ್ಲಿ ಷೇರುಪೇಟೆ ಕುಸಿದಾಗ ಗ್ರಂಥಾಲಯದ ಮೂಲನಿಧಿಯೂ ಕರಗಿತ್ತು. ನಮ್ಮ ವಿಭಾಗದಲ್ಲಿ ಉಳಿದವಳು ನಾನೊಬ್ಬಳೇ. ವಾರಾಂತ್ಯದಲ್ಲಿ ಹೀಟಿಂಗ್ ಇಳಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಬೆಂಕಿ, ನೀರಿನ ಅನಾಹುತವಾದರೆ ತಕ್ಷಣ ಫ್ರೀಜರ್ ಟ್ರಕ್ ಕಳಿಸುವ ಕಂಪನಿಯ ಜೊತೆಗಿದ್ದ ಕರಾರನ್ನೂ ರದ್ದು ಮಾಡಿತು. ಎರಡನ್ನೂ ಒಂದೇ ಮೀಟಿಂಗಿನಲ್ಲಿ ಮಾಡಿ ಮುಗಿಸಿದ ಆ ಬುದ್ಧಿವಂತಿಕೆಯನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಆಗಬೇಕಾದದ್ದೇ ಆಯಿತು. ಒಂದು ಶನಿವಾರ ಬೆಳಿಗ್ಗೆ ನೆಲಮಾಳಿಗೆಯ ಪೈಪು ಚಳಿಗೆ ಹೆಪ್ಪುಗಟ್ಟಿ ಒಡೆಯಿತು. ನಾನು ತಲುಪುವಷ್ಟರಲ್ಲಿ ನಮ್ಮ ಡೈರೆಕ್ಟರ್ ಹೆಲೆನ್ ಗಮ್‌ಬೂಟು ಹಾಕಿಕೊಂಡು ನೀರಿನಲ್ಲಿ ನಿಂತಿದ್ದಳು. ನೆನೆದು ಮುದ್ದೆಯಾಗಿದ್ದದ್ದು ನಾವು ‘ದ್ವೀಪದ ಸಾಹೇಬ’ ಎಂದು ಕರೆಯುತ್ತಿದ್ದವನ ಸಂಗ್ರಹ.

ಈ ಸಾಹೇಬ ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳ ಕೊಲ್ಲಿಯ ಒಂದು ದ್ವೀಪದ ಆಡಳಿತಾಧಿಕಾರಿಯಾಗಿದ್ದ. ಅದು ಕೈದಿಗಳ ದ್ವೀಪ. ಹಗಲು ಕಚೇರಿ, ಸಂಜೆ ಜರೀಗಿಡಗಳ, ಅಂದರೆ ಫರ್ನ್‌ಗಳ ಬೇಟೆ. ಡೈರಿ ಬರೆದ, ಹಕ್ಕಿಗಳ ಚಿತ್ರ ಬರೆದ, ಸಾಲುಸಾಲಾಗಿ ಜರೀಗಿಡ ಒಣಗಿಸಿದ. ಗಿಡ ಒಣಗಿಸಲು ಕಾಗದ ಬೇಕು. ಹಡಗು ಬರುವುದು ಅಪರೂಪ. ಆದ್ದರಿಂದ ಕಚೇರಿಯಲ್ಲಿ ಬಿದ್ದಿದ್ದ ಕೈದಿಗಳ ಅರ್ಜಿಗಳನ್ನೇ ಬಳಸಿಕೊಂಡ. ಕಾಗದದ ಒಂದು ಬದಿಗೆ ಅರ್ಜಿ, ಇನ್ನೊಂದು ಬದಿಗೆ ಅಂಟಿಸಿದ ಜರೀಗಿಡ. ಹುಳ ಹಿಡಿಯದಿರಲೆಂದು ಆ ಹಾಳೆಗಳಿಗೆಲ್ಲ ಪಾದರಸದ ವಿಷ ಬಳಿದ. ಆ ಕಾಲದ ಸಸ್ಯಸಂಗ್ರಾಹಕರೆಲ್ಲ ಹಾಗೆಯೇ ಮಾಡುತ್ತಿದ್ದರು. ವಿಷ ಇನ್ನೂ ಅಲ್ಲೇ ಇದೆ. ಕಾಗದದ ಅಂಚು ಬೂದುಬಣ್ಣಕ್ಕೆ ತಿರುಗಿರುವುದೇ ಅದರ ಗುರುತು.

ಒದ್ದೆಯಾದ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತದೆ. ಅಷ್ಟರೊಳಗೆ ಹೆಪ್ಪುಗಟ್ಟಿಸಿಬಿಟ್ಟರೆ ಕೆಡುವುದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಒಣಗಿಸಬಹುದು. ಟ್ರಕ್ ಕಂಪನಿಗೆ ಫೋನ್ ಮಾಡಿದೆ. ಕರಾರು ಇದ್ದವರಿಗೆ ಮೊದಲು, ನಿಮ್ಮದು ಮಂಗಳವಾರ ನೋಡೋಣ ಎಂದರು.

ಆಗ ನೆನಪಾದವರು ಲಾರೆನ್ಸ್ ಅಂಕಲ್. ಮಂಗಳೂರಿನವರು, ಹತ್ತಿರದ ಮೆಟುಚೆನ್ ಊರಿನಲ್ಲಿ ಕೇಟರಿಂಗ್ ನಡೆಸುತ್ತಿದ್ದರು. ಅವರ ಅಡುಗೆಮನೆಯ ಹಿಂದೆ ಮೀನು ಇಡಲು, ಒಳಗೆ ನಡೆದು ಹೋಗುವಷ್ಟು ದೊಡ್ಡ ಫ್ರೀಜರ್ ಇತ್ತು.

"ತಗೊಂಡು ಬಾ ಮಾರಾಯ್ತಿ" ಎಂದರು. "ಅರ್ಧ ಖಾಲಿಯೇ ಉಂಟು. ಈ ವರ್ಷ ಪಾರ್ಟಿ ಯಾರು ಕೊಡ್ತಾರೆ? ಎಲ್ರಿಗೂ ಕೆಲಸ ಹೋಗುವ ಹೆದರಿಕೆ."

ವ್ಯಾನಿಗೆ ಪೆಟ್ಟಿಗೆ ತುಂಬುವಾಗ ವಿಷದ ಮಾತು ತೆಗೆದೆ. ಹೆಲೆನ್ ತಲೆ ಎತ್ತಲಿಲ್ಲ. "ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತು. ಅವರಿಗೆ ಹೇಳಬೇಕಾಗಿಲ್ಲ. ಹೇಳಿದರೆ ಒಂದು ಪೆಟ್ಟಿಗೆಯನ್ನೂ ಒಳಗೆ ಬಿಡುವುದಿಲ್ಲ, ನೆನಪಿರಲಿ."

ಅವಳ ಮಾತಿನಲ್ಲಿ ಸತ್ಯವಿತ್ತು, ಅದೇ ಕಷ್ಟ. ಎರಡು ಸುತ್ತು ಪ್ಲಾಸ್ಟಿಕ್ ಬಹುಶಃ ಸಾಕಾಗುತ್ತಿತ್ತು. ಆದರೆ ಹೆಪ್ಪುಗಟ್ಟಿದ ಪ್ಲಾಸ್ಟಿಕ್ ಸುಲಭವಾಗಿ ಸೀಳಿಹೋಗುತ್ತದೆ, ಪಕ್ಕದಲ್ಲೇ ಜನ ತಿನ್ನುವ ಮೀನು. ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ಒದ್ದಾಡಿದೆ. ಡೈರಿ, ಚಿತ್ರಗಳು ಹೋದರೆ ಇನ್ನೊಂದು ಪ್ರತಿ ಲೋಕದಲ್ಲಿ ಎಲ್ಲಿಯೂ ಇಲ್ಲ.

ನಾನು ಹೋದಾಗ ಅಂಕಲ್ ಬಂಗುಡೆಯ ಪೆಟ್ಟಿಗೆಗಳನ್ನು ಸ್ವತಃ ಒಂದು ಬದಿಗೆ ಸರಿಸುತ್ತಿದ್ದರು. ಆ ವಯಸ್ಸಿನಲ್ಲಿ, ಆ ಚಳಿಯಲ್ಲಿ.

"ಅಂಕಲ್, ಒಂದು ವಿಷಯ ಹೇಳ್ಬೇಕು. ಈ ಎಂಟು ಪೆಟ್ಟಿಗೇಲಿ ವಿಷ ಇದೆ. ಪಾದರಸದ್ದು."

ಅವರು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟರು. "ವಿಷ ಹಿಡ್ಕೊಂಡು ನನ್ನ ಕಿಚನ್ನಿಗೆ ಬಂದಿಯಾ? ಇನ್ಸ್‌ಪೆಕ್ಟರಿಗೆ ಗೊತ್ತಾದ್ರೆ ನಾಳೆಯೇ ಬೀಗ. ಮೂವತ್ತು ವರ್ಷದ್ದು ಇದು!"

ಅವರು ಫ್ರೀಜರಿನ ಬಾಗಿಲು ಮುಚ್ಚಿದರು. ಮುಗಿಯಿತು ಎಂದುಕೊಂಡೆ.

"ಉಳಿದದ್ದು? ಅದಕ್ಕೆ ಇದು ತಾಗಿದೆಯಾ?"

"ಇಲ್ಲ. ಡೈರಿ, ಚಿತ್ರ ಎಲ್ಲ ಮೊದಲಿಂದಲೂ ಬೇರೆ ಕಪಾಟಲ್ಲಿತ್ತು. ನಾನೇ ಟೆಸ್ಟ್ ಮಾಡ್ಸಿದೀನಿ."

"ಗ್ಯಾರಂಟಿ?"

"ಗ್ಯಾರಂಟಿ ಅಂಕಲ್."

ಅವರು ನನ್ನ ಮುಖವನ್ನೇ ನೋಡಿದರು. "ಹೇಳಿದಿಯಲ್ಲ, ಅದಕ್ಕೆ ನಂಬ್ತೇನೆ. ಅದನ್ನು ಒಳಗಿಡು. ವಿಷದ್ದನ್ನು ಈಗಲೇ ತಗೊಂಡು ಹೋಗು."

ಎಂಟು ಪೆಟ್ಟಿಗೆಗಳೊಡನೆ ವಾಪಸು ಬಂದೆ. ಹೆಲೆನ್ "ಇವನ್ನು ಕೊಂದದ್ದು ನೀನೇ" ಎಂದು ಹೇಳಿ ಮನೆಗೆ ಹೋದಳು. ನಾನು ಓದುಕೋಣೆಯ ಕಿಟಕಿಗಳನ್ನೆಲ್ಲ ತೆರೆದೆ, ಮಾಸ್ಕ್ ಕಟ್ಟಿಕೊಂಡೆ, ಗ್ಲವ್ಸ್ ತೊಟ್ಟು ಒಂದೊಂದೇ ಹಾಳೆಯನ್ನು ಬಿಡಿಸಿ ಒತ್ತುಕಾಗದದ ಮೇಲೆ ಹರಡಿದೆ. ಶನಿವಾರ, ಭಾನುವಾರ ಎರಡೂ ದಿನ ಅದೇ. ಕೆಲವು ಜರೀಗಿಡಗಳು ಕೈಯಲ್ಲೇ ಪುಡಿಯಾದವು. ಒಂದು ಕಟ್ಟು ಅರ್ಜಿಗಳ ಶಾಯಿ ಪೂರ್ತಿ ತೊಳೆದುಹೋಗಿತ್ತು. ಆ ಜನ ಏನು ಕೇಳಿದ್ದರೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಕೂತು ಅತ್ತುಬಿಟ್ಟೆ.

ಸೋಮವಾರ ಬಂದು ಹಾಳೆಗಳಲ್ಲಿ ಬೂಷ್ಟು ಬಂದಿದೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕಿದೆ. ನೆಲಮಾಳಿಗೆಯಲ್ಲಿ ಬಿಟ್ಟಿದ್ದ ಖಾಲಿ ರಟ್ಟುಗಳಿಗೂ ಬೂಷ್ಟು ಬಂದಿತ್ತು, ಅರ್ಜಿಗಳಿಗೆ ಬಂದಿರಲಿಲ್ಲ. ಹುಳವನ್ನು ಕೊಲ್ಲುವ ಪಾದರಸ ಬೂಷ್ಟನ್ನೂ ಬೆಳೆಯಗೊಡುವುದಿಲ್ಲ. ನಾನು ಅದನ್ನು ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಬೇಸಿಗೆಗೆ ನನ್ನ ಕೆಲಸವೂ ಹೋಯಿತು, ಅದು ಬೇರೆ ಮಾತು. ಅದಕ್ಕೆ ಮೊದಲು ಲಾರೆನ್ಸ್ ಅಂಕಲ್ ಒಮ್ಮೆ ಗ್ರಂಥಾಲಯಕ್ಕೆ ಬಂದರು. ತಮ್ಮ ಬಾಗಿಲಿಂದ ವಾಪಸು ಕಳಿಸಿದ್ದು ಏನು ಎಂದು ನೋಡಬೇಕಂತೆ. ಅರ್ಜಿಗಳಲ್ಲಿ ಒಂದೇ ಒಂದು ಕನ್ನಡದ್ದು. ಪಾರದರ್ಶಕ ಹಾಳೆಗಳ ನಡುವೆ ಮೊಹರು ಮಾಡಿ ಇಟ್ಟಿದ್ದೆ. ಅವರು ಕನ್ನಡಕ ಏರಿಸಿ, ತಡವರಿಸುತ್ತ ಓದಿದರು. ನಾನು ಜೀವಂತ ಇದ್ದೇನೆ ಎಂಬ ಒಂದು ಮಾತನ್ನು ನನ್ನ ಹೆಂಡತಿಗೆ ತಿಳಿಸಬೇಕು, ಇಷ್ಟೇ ಆ ಕೈದಿ ಕೇಳಿದ್ದು.

"ತಿಳಿಸಿದ್ರಾ?"

ನಾನು ಹಾಳೆಯನ್ನು ತಿರುಗಿಸಿದೆ. ಜರೀಗಿಡ ಹಾಗೆಯೇ ಇತ್ತು, ಕೆಳಗೆ ಅದರ ಲ್ಯಾಟಿನ್ ಹೆಸರು, ಸಾಹೇಬನ ಮುದ್ದಾದ ಅಕ್ಷರದಲ್ಲಿ. ಬೇರೇನೂ ಬರೆದಿರಲಿಲ್ಲ. ಅಂಕಲ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅಂಕಲ್ ಫ್ರೀಜರಿನಲ್ಲಿ ಉಳಿದು ಬಂದ ಆ ಡೈರಿಗಳನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಸಾಹೇಬ ಕ್ರೂರಿ ಎಂದು ಎಲ್ಲಿಯೂ ಅನಿಸುವುದಿಲ್ಲ. ದೊಡ್ಡ ಕೆಲಸವೊಂದು ಕೈಯಲ್ಲಿದ್ದಾಗ ಎದುರಿಗಿರುವ ಮನುಷ್ಯ ಮರೆಯಾಗಿ ಅವನಿಂದ ನಮಗೇನು ಬೇಕೋ ಅದಷ್ಟೇ ಕಾಣುತ್ತದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇದು. ಸಾಹೇಬನಿಗೆ ಕಾಗದ ಬೇಕಿತ್ತು. ಆ ಶನಿವಾರ ನನಗೆ ಒಂದು ಫ್ರೀಜರ್ ಬೇಕಿತ್ತು.