ಖಾಲಿ ಎಂದರೆ ಕೆಳಗೆ

ನಾಗವೇಣಿ, ಆ ದಿನ ಗುಹೆಯ ಕಾವಲುಗಾರ 'ಖಾಲಿ' ಎಂದದ್ದು ನಿಜ. ನಿನ್ನ ಕಿವಿ ತಪ್ಪಲಿಲ್ಲ. ಆದರೆ ಅವನ ಮರಾಠಿಯಲ್ಲಿ ಖಾಲಿ ಎಂದರೆ ಬರಿದು ಎಂದಲ್ಲ — ಕೆಳಗೆ ಎಂದು. ನಿನ್ನ ಗಂಡ ಕೆಳಗಿದ್ದಾನೆ ಎಂದು ಅವನು ಹೇಳಿದ್ದ. ಅದು ನನಗೆ ಆ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ.

ಮೂವತ್ತೊಂದು ವರ್ಷ ಕುಮಟೆಯ ಶಾಲೆಯಲ್ಲಿ ಹಿಂದಿ ಕಲಿಸಿದವಳು ನಾನು. ಪದದ ಅರ್ಥ ತಪ್ಪು ಬರೆದವರಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ, ಅದನ್ನೇ ಹತ್ತು ಸಲ ಬರೆಸುತ್ತಿದ್ದೆ. "ಅರ್ಥ ಗೊತ್ತಿಲ್ಲದಿದ್ದರೆ ಜಾಗ ಬಿಡಿ, ಬಾಯಿಗೆ ಬಂದದ್ದನ್ನು ಮಾತ್ರ ಬರೆಯಬೇಡಿ" ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೆನೋ. ಈಗ ನೆನೆದರೆ ನಗು ಬರುತ್ತದೆ — ಒಳ್ಳೆಯ ನಗುವಲ್ಲ.

ನೀನು ನಮ್ಮ ಶಾಲೆಗೆ ಬಿಸಿಯೂಟದ ಅಡುಗೆಗೆ ಸೇರಿದಾಗ ನನಗೆ ನಲವತ್ತೆಂಟು. ಮಾವಿನಕುರ್ವೆಯ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಹೋಗಿಯಾಗಿತ್ತು. ನನ್ನ ತಮ್ಮ ದೋಣಿ ಮಾರಿ ಹೆಂಡತಿಯ ಊರು ಸೇರಿದ್ದ. ಕುಮಟೆಯ ಬಾಡಿಗೆ ಮನೆಯಲ್ಲಿ ನಾನು ಹನ್ನೊಂದು ವರ್ಷದಿಂದ ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದು ಕವುಚಿ ಹಾಕುತ್ತಿದ್ದೆ. ಮದುವೆ ಯಾಕಾಗಲಿಲ್ಲ ಎಂಬುದು ಇಲ್ಲಿ ಬೇಡ. ಕಾಗಾಲದ ಅಣ್ಣನ ಮನೆಯಲ್ಲಿ ಅತ್ತಿಗೆಯ ಮಾತು ತಡೆಯಲಾರದೆ ನೀನೊಂದು ಸಂಜೆ ಚೀಲ ಹಿಡಿದು ಬಂದು ನನ್ನ ಜಗಲಿಯಲ್ಲಿ ಕೂತೆ. "ಎರಡ್ ದಿನ ಇರ್ತೆ ಅಕ್ಕೋರೆ, ಆತಾ?" ಎಂದೆ. ಆ ಎರಡು ದಿನ ಎಂಟು ವರ್ಷವಾಯಿತು.

ನೀನು ಬಂದ ಮೇಲೆ ನಮ್ಮ ಒಲೆಯ ಮೇಲೆ ಬಂಗಡೆ ಸಾರು ಕುದಿಯಿತು. ನಾನು ನಿಂತುಕೊಂಡೇ ಚಾ ಕುಡಿಯುವುದನ್ನು ಕಂಡರೆ ನಿನಗಾಗುತ್ತಿರಲಿಲ್ಲ. "ಎಂತ ಅಕ್ಕೋರೆ, ಬಸ್ ಬಂತಾ? ಕೂತ್ಕಂಡ್ ಕುಡೀರಿ" ಎಂದು ಗದರುತ್ತಿದ್ದೆ. ಇಡೀ ಶಾಲೆ ನನಗೆ ಹೆದರುತ್ತಿತ್ತು. ನನ್ನನ್ನು ಗದರಿದವಳು ನೀನೊಬ್ಬಳೇ. ಅದು ನನಗೆ ಎಷ್ಟು ಬೇಕಾಗಿತ್ತು ಎಂದು ನಿನಗೆ ಒಮ್ಮೆಯೂ ಹೇಳಲಿಲ್ಲ — ಹೇಳಿದ್ದರೆ ಬಹುಶಃ ಸುಳ್ಳಿನ ಅಗತ್ಯವೇ ಬೀಳುತ್ತಿರಲಿಲ್ಲ.

ನಿನ್ನ ಗಂಡ ಸುಬ್ರಾಯನ ವಿಷಯ ನೀನೇ ಹೇಳಿದ್ದೆ. ಬೋಟಿನ ಕೆಲಸದವನು, ಮನುಷ್ಯ ಕೆಟ್ಟವನಲ್ಲ, ಕುಡಿತ ಮಾತ್ರ ಕೆಟ್ಟದ್ದು. ಒಂದು ಸಂಜೆ ಕುಡಿದು ಬಂದವನಿಗೆ ನೀನು ಬಾಗಿಲು ತೆಗೆಯಲಿಲ್ಲ. ಅವನು ತಿರುಗಿ ಬಡಿಯಲೂ ಇಲ್ಲ, ಹಾಗೇ ಹೋದ. ರತ್ನಾಗಿರಿ ಕಡೆ ಇದ್ದಾನೆ ಎಂದರು ಕೆಲವರು, ಸಮುದ್ರದ ಪಾಲಾದ ಎಂದರು ಕೆಲವರು. ಆರು ವರ್ಷ. ಮದುವೆಮನೆಗಳಲ್ಲಿ ಕುಂಕುಮದ ಬಟ್ಟಲು ಹಿಡಿದವರು ನಿನ್ನ ಮುಂದೆ ಬಂದಾಗ ಒಂದು ಕ್ಷಣ ತಡೆಯುತ್ತಿದ್ದರು. ಆ ತಡೆ ನಿನ್ನನ್ನು ತಿಂದುಹಾಕಿತ್ತು. "ಅವ್ರು ಬರೂದ್ ಬೇಡ ಅಕ್ಕೋರೆ. ಇದ್ರೋ ಇಲ್ಲೋ, ಅಷ್ಟ್ ತಿಳಿದ್ರೆ ಸಾಕು. ಈ ಕುಂಕುಮ ಇಡೂದೋ ಬಿಡೂದೋ ಹೇಳಿ ದಿನಾ ಕನ್ನಡಿ ಎದ್ರಿಗೆ ನಿಂತ್ಕಣೂಕೆ ನಂಗೆ ಆಗೂದಿಲ್ಲ" ಎಂದಿದ್ದೆ.

ಆಮೇಲೆ ಹೊನ್ನಾವರದ ಬೋಟಿನವನೊಬ್ಬ ಸುದ್ದಿ ತಂದ. ರಾಯಗಡ ಜಿಲ್ಲೆಯ ಕುಡಾ ಎಂಬಲ್ಲಿ, ಬೌದ್ಧರ ಹಳೆಯ ಗುಹೆಗಳಿರುವ ಗುಡ್ಡದ ಬುಡದಲ್ಲಿ, ಸುಬ್ರಾಯನಂಥವನೊಬ್ಬ ಬಲೆ ಕಟ್ಟುತ್ತಾ ಕೂತದ್ದನ್ನು ಕಂಡನಂತೆ. ನಿನಗೆ ಕನ್ನಡ ಬಿಟ್ಟರೆ ಬೇರೆ ಬಾರದು. ನನಗೆ ಕೊಂಕಣಿ ಮನೆಮಾತು, ಹಿಂದಿ ಹೊಟ್ಟೆಪಾಡು, ಎರಡರ ನಡುವೆ ಮರಾಠಿ ತಾನಾಗಿ ಬಂದಿತ್ತು. "ನೀವು ನನ್ನ ಬಾಯಿ ಆಗಿ ಬರ್ಬೇಕು" ಎಂದು ಕೇಳಿದೆ. ದಸರಾ ರಜೆಯಲ್ಲಿ ಗುಹೆ ನೋಡಲು ಹೋಗುತ್ತೇವೆ ಎಂದು ಎಲ್ಲರಿಗೂ ಹೇಳಿ, ಮಾಣಗಾಂವ್‌ವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಹೋದೆವು.

ಮಳೆ ಬಿಟ್ಟು ಸ್ವಲ್ಪ ದಿನವಾಗಿತ್ತು. ಗುಡ್ಡ ಪೂರ್ತಿ ಹಸಿರು, ಬಂಡೆಯ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಸಮುದ್ರದ ನೀರು ಗುಡ್ಡಗಳ ನಡುವೆ ಒಳಕ್ಕೆ ಬಂದಿತ್ತು, ನಮ್ಮ ಅಘನಾಶಿನಿಯ ಅಳಿವೆಯ ಹಾಗೆಯೇ. ನೀನು ಅದನ್ನು ನೋಡಿ "ಊರ್ ಕಂಡಾಂಗೆ ಆತು" ಎಂದೆ. ಬಾಗಿಲಲ್ಲಿ ಕಲ್ಲಿನ ಆನೆಗಳಿದ್ದ ದೊಡ್ಡ ಗುಹೆಗೆ ಹೋದೆವು. ಗೋಡೆಯಲ್ಲಿ ಆಳೆತ್ತರದ ಗಂಡು ಹೆಣ್ಣು ಜೋಡಿಯಾಗಿ ನಿಂತಿದ್ದರು. ನೀನು ಆ ಹೆಂಗಸಿನ ಮುಖವನ್ನು ಬಹಳ ಹೊತ್ತು ನೋಡಿ, "ಇವ್ಳ ಹಣೆಮೇಲೂ ಎಂತದೂ ಇಲ್ಲ ನೋಡಿ" ಎಂದೆ.

ಆಮೇಲೆ ಭಿಕ್ಷುಗಳ ಕೋಣೆ. ಒಬ್ಬರು ಮಲಗುವಷ್ಟು ಕಲ್ಲಿನ ಜಗಲಿ, ದೀಪಕ್ಕೊಂದು ಗೂಡು, ಮತ್ತೇನಿಲ್ಲ. "ಒಬ್ಬೊಬ್ರೇ ಇರ್ತಿದ್ರಾ ಇಲ್ಲಿ? ಮಳೆಗಾಲ ಪೂರಾ?" ಎಂದು ಕೇಳಿದೆ. ಹೌದೆಂದೆ. "ಅಯ್ಯ, ಹೆಂಗೆ ಇರ್ತಿದ್ರೋ" ಎಂದು ನೀನು ಹೊರಗೆ ಹೋದೆ. ನಾನು ಒಳಗೇ ಉಳಿದೆ. ಆ ಕಲ್ಲಿನ ಮೇಲೆ ಕೈಯಿಟ್ಟೆ — ತಣ್ಣಗಿತ್ತು, ಒದ್ದೆಯಾಗಿತ್ತು. ನಾನು ಅಲ್ಲಿ ಹನ್ನೊಂದು ವರ್ಷ ಮಲಗಿ ಎದ್ದು ಬಂದವಳು, ನಿನ್ನ ಗಂಡ ಸಿಕ್ಕರೆ ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ ಎಂದು ಅನ್ನಿಸಿತು. ಇದನ್ನು ನೆಪವೆಂದು ಹೇಳುತ್ತಿಲ್ಲ. ನಡೆದದ್ದು ಹೀಗೆ, ಅದಕ್ಕೇ ಹೇಳುತ್ತಿದ್ದೇನೆ.

ಹೊರಗೆ ಬಂದಾಗ ಕಾವಲುಗಾರ ಕಸ ಗುಡಿಸುತ್ತಿದ್ದ. ನೀನು ಸೆರಗಿನ ಗಂಟಿನಿಂದ ಸುಬ್ರಾಯನ ಫೋಟೋ ತೆಗೆದು ನನ್ನ ಕೈಗೆ ಕೊಟ್ಟೆ. ನಾನು ಮರಾಠಿಯಲ್ಲಿ ಕೇಳಿದೆ. ಅವನು ಫೋಟೋ ನೋಡಿ, ಕಸಬರಿಗೆ ನಿಲ್ಲಿಸದೆಯೇ ಹೇಳಿದ:

"ತೋ ಕಾರವಾರೀ? ಖಾಲೀ ಆಹೇ ತೋ. ಚಾರ್ ವಾಜತಾ ವರ್ ಯೇತೋ."

ಆ ಕಾರವಾರದವನಾ? (ನಮ್ಮ ಕಡೆಯವರೆಲ್ಲ ಅಲ್ಲಿಯವರಿಗೆ ಕಾರವಾರದವರೇ.) ಕೆಳಗಿದ್ದಾನೆ. ನಾಲ್ಕು ಗಂಟೆಗೆ ಮೇಲೆ ಬರುತ್ತಾನೆ. ಇಷ್ಟೇ, ನಾಗವೇಣಿ. ಇದಕ್ಕಿಂತ ಸುಲಭದ ವಾಕ್ಯವನ್ನು ನಾನು ಐದನೇ ತರಗತಿಗೂ ಕೊಡುತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ನೀನು ಕೇಳಿದೆ — "ಖಾಲಿ ಅಂದ, ಅಲ್ರಾ? ಯಾರೂ ಇಲ್ಲ ಅಂದ?"

ನಾನು ತಲೆಯಾಡಿಸಿದೆ. ಹಿಂದಿಯಲ್ಲೂ ಖಾಲಿ ಎಂದರೆ ಬರಿದೇ. ನನಗೂ ಹಾಗೇ ಕೇಳಿಸಿತು ಎಂದುಕೊಳ್ಳುವ ದಾರಿ ಇತ್ತು. ಎಷ್ಟೋ ದಿನ ಆ ದಾರಿಯಲ್ಲಿ ನಡೆದೂ ನೋಡಿದೆ. ಆದರೆ ನೀನು ಅಷ್ಟಕ್ಕೆ ಬಿಡಲಿಲ್ಲ. "ಮತ್ತೆ ವರ ಅಂದ್ನಲ್ಲ, ಅದೆಂತ?" ಎಂದು ಕೇಳಿದೆ. ನಿನಗೆ ವರ ಎಂದರೆ ಮದುಮಗ. ಅಲ್ಲಿ ತಲೆಯಾಡಿಸಿದರೆ ಸಾಲುತ್ತಿರಲಿಲ್ಲ, ಕಟ್ಟಿಯೇ ಹೇಳಬೇಕಿತ್ತು. ನಾನು ಕಟ್ಟಿದೆ: "ಹೊಸದಾಗಿ ಮದುವೆಯಾದ ವಧೂವರರು ನಾಲ್ಕು ಗಂಟೆಗೆ ಇಲ್ಲಿಗೆ ಬರ್ತಾರಂತೆ, ಜನ ಆಗ್ತದೆ, ಬೇಗ ಹೊರಡಿ ಅಂದ." ಒಂದು ತೊದಲೂ ಇಲ್ಲದೆ ಹೇಳಿದೆ. ಮೊದಲನೆಯದು ಅಂಜಿಕೆಯಿಂದ ಆದದ್ದಿರಬಹುದು. ಇದು ಹಾಗಲ್ಲ.

ನೀನು ಗುಹೆಯ ಮುಂದಿನ ಕಟ್ಟೆಯ ಅಂಚಿಗೆ ಹೋಗಿ ನಿಂತೆ. ಕೆಳಗೊಂದು ತಗಡಿನ ಮನೆ, ಅದರ ಪಕ್ಕ ನೀಲಿ ಬಲೆ ಹರಡಿತ್ತು. "ಇಲ್ಲೂ ನಮ್ಮಾಂಗೇ ಬಲೆ ಒಣಗ್ಸ್ತ್ರು" ಎಂದೆ. ಬಲೆಯ ಆಚೆ ನಮಗೆ ಬೆನ್ನು ಹಾಕಿ ಒಬ್ಬ ಕೂತಿದ್ದ. ನನಗೆ ಕಂಡ. ನಿನ್ನ ಕಣ್ಣಲ್ಲಿ ನೀರಿತ್ತು, ನಿನಗೆ ಕಾಣಲಿಲ್ಲ. ಬಸ್ಸು ತಪ್ಪುತ್ತದೆ ಎಂದು ನಿನ್ನ ರಟ್ಟೆ ಹಿಡಿದು ಹೊರಡಿಸಿದೆ. ಆಗ ಮೂರೂವರೆ.

ವಾಪಸು ಬರುವಾಗ ರೈಲಿನ ನಲ್ಲಿಯಲ್ಲಿ ನೀನು ಹಣೆ ತೊಳೆದುಕೊಂಡೆ. ಸೆರಗಿನಿಂದ ಒರೆಸಿ ಬಂದು ನನ್ನ ಎದುರು ಕೂತೆ. "ಆತು ಅಕ್ಕೋರೆ. ಅಲ್ಲೂ ಇಲ್ಲ ಅಂದ್ರೆ ಅವ್ರು ಎಲ್ಲೂ ಇಲ್ಲ" ಎಂದೆ. ಅಳಲಿಲ್ಲ. ತಾಳಿಯನ್ನು ಊರಿಗೆ ಬಂದ ಮೇಲೆ ತೆಗೆದು ಡಬ್ಬಿಯಲ್ಲಿಟ್ಟೆ. ಆಮೇಲೆ ಐದು ವರ್ಷ, ದಿನಾ ಬೆಳಿಗ್ಗೆ, ಚಾ ಲೋಟದ ಆಚೆ ಆ ಬರಿ ಹಣೆ ನೋಡಿದೆ. ನೀನು ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟೆ. ಇವತ್ತು ಹೇಳುತ್ತೇನೆ, ಈ ಚಾ ಮುಗಿಯಲಿ, ಎಂದು ನಾನು ಅಂದುಕೊಂಡ ದಿನಗಳೂ ಇವೆ. ಚಾ ಮುಗಿಯುತ್ತಿತ್ತು.

ಯಾರನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದೆನೋ, ಆ ನೀನೂ ಉಳಿಯಲಿಲ್ಲ. ಅತ್ತಿಗೆ ತೀರಿಕೊಂಡರು, ಅಣ್ಣನ ಮನೆ ನೋಡಿಕೊಳ್ಳಲು ಕಾಗಾಲಕ್ಕೆ ಹೋದೆ. ಹೋಗುವಾಗ "ಕೂತ್ಕಂಡ್ ಚಾ ಕುಡೀರಿ" ಎಂದೆ. ನಾಲ್ಕು ವರ್ಷವಾಯಿತು. ನಾನು ನಿಂತುಕೊಂಡೇ ಕುಡಿಯುತ್ತಿದ್ದೇನೆ.

ಈ ಜನವರಿಯಲ್ಲಿ ನಿನಗೆ ಹೇಳದೆ ಮತ್ತೆ ಅಲ್ಲಿಗೆ ಹೋದೆ. ಒಬ್ಬಳೇ. ಅವನನ್ನು ಕಂಡು, ಕೈಮುಗಿದು, ಕರೆದುಕೊಂಡೇ ಬರಬೇಕು ಎಂದು ಹೋದೆ. ಗುಡ್ಡ ಒಣಗಿತ್ತು. ಆನೆಗಳು ಇದ್ದಲ್ಲೇ ಇದ್ದವು. ಕಾವಲುಗಾರನೂ ಅವನೇ, ಮುದುಕನಾಗಿದ್ದ. ಕಾರವಾರದವನನ್ನು ಕೇಳಿದೆ. ಎರಡು ಮಳೆಗಾಲದ ಹಿಂದೆ ಜ್ವರದಲ್ಲಿ ಹೋದ ಎಂದ. ಕುಡಿತ ಬಿಟ್ಟು ಬಹಳ ವರ್ಷವಾಗಿತ್ತಂತೆ. ದಿನಾ ನಾಲ್ಕು ಗಂಟೆಗೆ, ಗುಹೆ ನೋಡಲು ಬಂದವರಿಗೆಂದು, ಕೆಳಗಿನ ಬಾವಿಯಿಂದ ಒಂದು ಕೊಡ ನೀರು ಹೊತ್ತು ತರುತ್ತಿದ್ದನಂತೆ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಕಾವಲುಗಾರ ಮುಂದುವರಿಸಿದ. ಒಮ್ಮೆ ಇಬ್ಬರು ಹೆಂಗಸರು ಸುಬ್ರಾಯನ ಫೋಟೋ ಹಿಡಿದು ಬಂದಿದ್ದರಂತೆ. ನಾಲ್ಕು ಗಂಟೆಗೆ ಸುಬ್ರಾಯ ಮೇಲೆ ಬಂದಾಗ ಕಾವಲುಗಾರ ಅದನ್ನು ಹೇಳಿದನಂತೆ. ಸುಬ್ರಾಯ ಕೊಡ ಅಲ್ಲೇ ಇಟ್ಟು ಬಸ್ಸಿನ ರಸ್ತೆಗೆ ಓಡಿದನಂತೆ. ಬಸ್ಸು ಹೋಗಿಯಾಗಿತ್ತು ಎಂದ. ಅಷ್ಟು ದೂರ ಬಂದವರು ಯಾಕೆ ತಿರುಗಿ ಹೋದರು ಎಂದು ಕಾವಲುಗಾರ ಕೇಳಿದಾಗ ಸುಬ್ರಾಯ ಹೇಳಿದನಂತೆ — ಮೇಲಿನಿಂದಲೇ ನನ್ನನ್ನು ನೋಡಿದಳು, ಬೇಡ ಎನ್ನಿಸಿರಬೇಕು, ಹೋದಳು. ಮೊದಲೊಮ್ಮೆ ಬಾಗಿಲು ತೆಗೆಯದವಳು ಇನ್ನೊಮ್ಮೆಯೂ ತೆಗೆಯಲಿಲ್ಲ ಎಂದು ಅವನು ತಿಳಿದುಕೊಂಡ. ಅದಕ್ಕೇ ಊರಿಗೆ ಬರಲಿಲ್ಲ. ಆಮೇಲೆ ಏಳು ವರ್ಷ ಬದುಕಿದ್ದ, ಹಾಗೆಂದುಕೊಂಡೇ ಬದುಕಿದ್ದ.

ಆ ಇಬ್ಬರಲ್ಲಿ ಒಬ್ಬಳು ನಾನೇ ಎಂದು ಆ ಮುದುಕನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ರೈಲಿನಲ್ಲಿ ಒಂದು ಯೋಚನೆ ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಸುಬ್ರಾಯ ಈಗ ಇಲ್ಲ. ನಿನ್ನ ಹಣೆ ಬರಿದಾಗಿರುವುದು ಈಗ ಸರಿಯಾಗಿಯೇ ಇದೆ. ನನ್ನ ಸುಳ್ಳು ತಾನಾಗಿ ನಿಜವಾಯಿತು, ಇನ್ನು ಹೇಳದಿದ್ದರೂ ಯಾರಿಗೂ ನಷ್ಟವಿಲ್ಲ — ಎಂದು ಎಷ್ಟು ಬೇಗ ಲೆಕ್ಕ ಹಾಕಿದೆ ಗೊತ್ತಾ? ರೈಲು ಮಾಣಗಾಂವ್ ಬಿಡುವುದರೊಳಗೆ. ನಾನೆಂಥವಳು ಎಂದು ನನಗೆ ಸರಿಯಾಗಿ ತಿಳಿದದ್ದು ಆಗಲೇ.

ನಿನಗೆ ಓದು ಬಾರದು. ಹೇಳುವ ಬದಲು ಬರೆಯಲು ಕೂತದ್ದೂ ಅದೇ ಧೈರ್ಯದ ಮೇಲೆ ಇರಬೇಕು. ಆದ್ದರಿಂದ ಈ ಕಾಗದವನ್ನು ಕಳಿಸುವುದಿಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ಕಾಗಾಲಕ್ಕೆ ಬರುತ್ತೇನೆ. ನಿನ್ನ ಬಾಯಿಯಾಗಿ ಹೋದವಳು, ಅಂದು ನುಂಗಿದ ಮಾತನ್ನು ಬಾಯಿಂದಲೇ ಕೊಡಬೇಕು. ಚಾ ಕೊಡಬೇಡ. ಕೂರು ಎನ್ನಬೇಡ. ಕೇಳಿದ ಮೇಲೆ ನೀನು ಬಾಗಿಲು ಹಾಕಿಕೊಂಡರೆ ನಾನು ತಿರುಗಿ ಬಡಿಯುವುದಿಲ್ಲ.

ಹೇಳಬೇಕಾದ್ದನ್ನು ಹತ್ತು ಸಲ ಬರೆದುಕೊಂಡಿದ್ದೇನೆ, ತೊದಲಬಾರದೆಂದು. ಖಾಲಿ ಎಂದರೆ ಕೆಳಗೆ. ವರ್ ಎಂದರೆ ಮೇಲೆ. ಅವನು ಕೆಳಗೇ ಇದ್ದ, ನಾಗವೇಣಿ. ಇನ್ನು ಅರ್ಧ ಗಂಟೆಗೆ ಮೇಲೆ ಬರುವವನಿದ್ದ.